ಆರೋಗ್ಯ ಸಂಶೋಧನೆಯೂ ಹಳ್ಳಿಯವರ ಒಪ್ಪಿಗೆಯೂ

ಮದ್ದು ಬೇಡವೆನ್ನುವ ಮನೆಯಿಲ್ಲ. ಆ ಮದ್ದನ್ನು ಮೊದಲು ಯಾರಿಗೆ ಕೊಟ್ಟು ನೋಡಿದರೆಂದು ಕೇಳುವ ಮನೆ ಮಾತ್ರ ವಿರಳ. ಒಂದು ಮಾತ್ರೆ ಔಷಧದ ಅಂಗಡಿಗೆ ಬರುವ ಮೊದಲು, ಒಂದು ಲಸಿಕೆ ಅಂಗನವಾಡಿಯ ಮಗುವಿಗೆ ದೊರೆಯುವ ಮೊದಲು, ಒಂದು ರೋಗವು ನಾಡಿನಲ್ಲಿ ಎಷ್ಟು ಮಂದಿಗಿದೆಯೆಂದು ಸರ್ಕಾರ ಲೆಕ್ಕ ಹಾಕುವ ಮೊದಲು, ಎಲ್ಲಿಯೋ ಕೆಲವರು ತಮ್ಮ ರಕ್ತವನ್ನೋ ಕಫವನ್ನೋ ಮನೆಯ ಗುಟ್ಟನ್ನೋ ಅಪರಿಚಿತರ ಕೈಗೆ ಕೊಟ್ಟಿರುತ್ತಾರೆ. ಹೀಗೆ ಕೊಟ್ಟವರಿಗೂ ಪಡೆದವರಿಗೂ ನಡುವೆ ಇರತಕ್ಕ ನ್ಯಾಯ ಯಾವುದು, ಆ ನ್ಯಾಯವನ್ನು ಕಾಯುವ ಹೊಣೆ ಯಾರದು ಎಂಬುದನ್ನು ನನ್ನ ಅಲ್ಪಮತಿಗೆ ತೋರಿದಂತೆ ವಿವರಿಸುವುದು ಈ ಲೇಖನದ ಉದ್ದೇಶ.

ನಾನು ವೈದ್ಯಶಾಸ್ತ್ರ ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ತೆಗೆದುಕೊಂಡಿರುವ ಅಂತಿಮ ಬಿ.ಎ. ವಿದ್ಯಾರ್ಥಿನಿ. ಹೀಗಿರುವಾಗ ಈ ವಿಷಯ ಇವಳಿಗೇಕೆ ಎಂದು ವಾಚಕರು ಕೇಳಬಹುದು. ಕಾರಣ ಸರಳವಾಗಿದೆ. ಆರೋಗ್ಯ ಸಮೀಕ್ಷೆಗಳನ್ನು ನಡೆಸುವವರು ಮನೆಮನೆಗೆ ಹೋಗಿ ನಮೂನೆ ತುಂಬಿಸಲು ಹಳ್ಳಿಯ ಮಾತು ಬಲ್ಲ ಪದವೀಧರರನ್ನು ಹುಡುಕುತ್ತಾರೆ. ವೈದ್ಯರಾಗದಿದ್ದರೂ ನಮ್ಮಲ್ಲಿ ಕೆಲವರು ನಾಳೆ ಆರೋಗ್ಯ ಸಂಶೋಧನೆಯ ಮೊದಲ ಮೆಟ್ಟಿಲಲ್ಲಿ ನಿಲ್ಲತಕ್ಕವರೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಸಹಪಾಠಿಗಳಲ್ಲಿ ಅನೇಕರ ಸ್ಥಿತಿಯೂ ಇದೇ. ನಮೂನೆಯ ಒಂದು ಬದಿಯಲ್ಲಿ ಹೆಬ್ಬೆಟ್ಟು ಒತ್ತುವವರು ನಮ್ಮ ತಂದೆತಾಯಿಗಳಂಥವರು. ಇನ್ನೊಂದು ಬದಿಯಲ್ಲಿ ಲೇಖನಿ ಹಿಡಿದು ಕೂರುವವರು ನಾವು. ಎರಡು ಬದಿಯನ್ನೂ ಬಲ್ಲ ನಮಗೆ ಈ ವಿಚಾರ ದೂರದ್ದಲ್ಲ.

೧. ನಮ್ಮ ಸೀಮೆಯ ಒಂದು ನಿದರ್ಶನ

ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೆ ಹೊರಡುವ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳ ನೆರವಿನಿಂದ ೧೯೫೯ರಲ್ಲಿ ಇದನ್ನು ಸ್ಥಾಪಿಸಿತು. ಮರುವರ್ಷ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಇದನ್ನು ಉದ್ಘಾಟಿಸಿದರು. ಕ್ಷಯವು ಪಟ್ಟಣದ ಕೊಳಕಿನ ರೋಗವೆಂದೇ ಅದುವರೆಗೆ ಬಹುಮಂದಿಯ ನಂಬಿಕೆಯಾಗಿತ್ತು. ೧೯೫೫ರಿಂದ ೧೯೫೮ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ಸಮೀಕ್ಷೆಯು ಆ ನಂಬಿಕೆಯನ್ನು ಸುಳ್ಳುಮಾಡಿ, ಪಟ್ಟಣದಷ್ಟೇ ಹಳ್ಳಿಯಲ್ಲಿಯೂ ಕ್ಷಯವಿದೆಯೆಂದು ತೋರಿಸಿತ್ತು. ಹಾಗಾದರೆ ಹಳ್ಳಿಯಲ್ಲಿ ಈ ರೋಗವು ವರ್ಷದಿಂದ ವರ್ಷಕ್ಕೆ ಹೇಗೆ ನಡೆದುಕೊಳ್ಳುತ್ತದೆ? ಹೊಸದಾಗಿ ತಗಲುವುದು ಎಷ್ಟು ಮಂದಿಗೆ? ತಗಲಿದವರಲ್ಲಿ ಉಳಿಯುವವರೆಷ್ಟು, ಅಳಿಯುವವರೆಷ್ಟು? ಇದನ್ನು ತಿಳಿಯದೆ ದೇಶಕ್ಕೊಂದು ಕಾರ್ಯಕ್ರಮವನ್ನು ರೂಪಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ ಆಗುತ್ತಿತ್ತು.

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದ್ದು ನಮ್ಮ ಸೀಮೆಯ ಹಳ್ಳಿಗಳಲ್ಲಿಯೇ. ಆಗಿನ ಬೆಂಗಳೂರು ಜಿಲ್ಲೆ ಬಹಳ ದೊಡ್ಡದಾಗಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳನ್ನುಳ್ಳ ಗ್ರಾಮಾಂತರ ಜಿಲ್ಲೆ ಅದರಿಂದ ಬೇರ್ಪಟ್ಟುದು ೧೯೮೬ರಲ್ಲಿ. ಆ ಹಳೆಯ ಜಿಲ್ಲೆಯ ಮೂರು ತಾಲ್ಲೂಕುಗಳಿಂದ, ಚೀಟಿ ಎತ್ತಿದಂತೆ ಯಾವ ಪಕ್ಷಪಾತವೂ ಇಲ್ಲದೆ, ೧೧೯ ಹಳ್ಳಿಗಳನ್ನು ಆರಿಸಲಾಯಿತು. ೧೯೬೧ರಿಂದ ೧೯೬೮ರವರೆಗೆ ಸಂಸ್ಥೆಯ ತಂಡಗಳು ಆ ಹಳ್ಳಿಗಳಿಗೆ ನಾಲ್ಕು ಸುತ್ತು ಹೋದುವು. ಮೊದಲು ಮನೆಗಣತಿ, ಬಳಿಕ ರೋಗಾಣು ಮೈಸೇರಿದೆಯೇ ಎಂದು ತಿಳಿಯಲು ತೋಳಿಗೆ ಟ್ಯೂಬರ್ಕ್ಯುಲಿನ್ ಚುಚ್ಚಿ ಮೂರು ದಿನಗಳ ತರುವಾಯ ಬಾವನ್ನು ಅಳೆಯುವುದು, ಐದು ವರ್ಷ ದಾಟಿದವರಿಗೆ ಎದೆಯ ಕ್ಷ-ಕಿರಣ ಚಿತ್ರ, ಚಿತ್ರದಲ್ಲಿ ಸಂದೇಹ ಕಂಡರೆ ಕಫದ ಪರೀಕ್ಷೆ. ಇದರ ಫಲಿತಾಂಶವು ೧೯೭೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದರಲ್ಲಿ ಒಂದು ಲೆಕ್ಕವನ್ನು ಕ್ಷಯರೋಗದ ಅಧ್ಯಯನ ಮಾಡುವವರು ಇಂದಿಗೂ ಉಲ್ಲೇಖಿಸುತ್ತಾರೆ. ಮೊದಲ ಸುತ್ತಿನಲ್ಲಿ ಯಾರ ಕಫದಲ್ಲಿ ರೋಗಾಣು ಕಂಡಿತ್ತೋ ಅವರಲ್ಲಿ ಐದು ವರ್ಷಗಳ ಅವಧಿಯಲ್ಲಿ ನೂರಕ್ಕೆ ಸುಮಾರು ೪೯ ಮಂದಿ ಸತ್ತಿದ್ದರು. ಸುಮಾರು ೧೮ ಮಂದಿಯ ಕಫದಲ್ಲಿ ರೋಗಾಣು ಹಾಗೆಯೇ ಉಳಿದಿತ್ತು. ಮಿಕ್ಕವರು, ಎಂದರೆ ಮೂರರಲ್ಲೊಂದು ಪಾಲು, ಗುಣ ಹೊಂದಿದ್ದರು. ವ್ಯವಸ್ಥಿತವಾದ ಚಿಕಿತ್ಸಾ ಕಾರ್ಯಕ್ರಮವಿಲ್ಲದ ಊರಿನಲ್ಲಿ ಕ್ಷಯವು ಏನು ಮಾಡುತ್ತದೆಂಬುದಕ್ಕೆ ಇದು ದೊಡ್ಡ ಸಾಕ್ಷ್ಯವಾಯಿತು.

೨. ಅಂಕಿಗಳ ಹಿಂದಿನ ಪ್ರಶ್ನೆ

ಈ ಅಂಕಿಗಳನ್ನು ಮೊದಲ ಸಲ ಓದಿದಾಗ ಯಾರ ಮನಸ್ಸಿನಲ್ಲಿಯಾದರೂ ಏಳುವ ಪ್ರಶ್ನೆ ಒಂದೇ. ರೋಗವಿದೆಯೆಂದು ಗೊತ್ತಾಯಿತು, ರೋಗಿಯ ಹೆಸರು, ಮನೆ ಎಲ್ಲವೂ ಪುಸ್ತಕದಲ್ಲಿ ಬರೆಯಲ್ಪಟ್ಟಿತು, ಮುಂದಿನ ಸುತ್ತಿನಲ್ಲಿ ಮತ್ತೆ ಅದೇ ಮನೆಗೆ ಹೋಗಿ ಅವನು ಇದ್ದಾನೆಯೇ ಇಲ್ಲವೇ ಎಂದು ಬರೆದುಕೊಂಡದ್ದಾಯಿತು. ನಡುವೆ ಅವನಿಗೆ ಸಲ್ಲಬೇಕಾದದ್ದು ಏನೂ ಇರಲಿಲ್ಲವೇ?

ಇದಕ್ಕೆ ಉತ್ತರ ಹೇಳುವ ಮೊದಲು ಆ ಕಾಲವನ್ನು ನ್ಯಾಯವಾಗಿ ನೋಡಬೇಕು. ಸ್ಟ್ರೆಪ್ಟೊಮೈಸಿನ್ ೧೯೪೩ರಲ್ಲಿ ದೊರಕಿತ್ತು. ಐಸೋನಿಯಾಜಿಡ್ ಕ್ಷಯಕ್ಕೆ ಮದ್ದೆಂದು ೧೯೫೨ರಲ್ಲಿ ತಿಳಿದಿತ್ತು. ಆದರೆ ಔಷಧವಿರುವುದು ಬೇರೆ, ಅದು ಹಳ್ಳಿಯ ಬಾಗಿಲಿಗೆ ತಲುಪುವುದು ಬೇರೆ. ಅದನ್ನು ತಲುಪಿಸುವ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ೧೯೬೨ರಲ್ಲಿ ಆಗತಾನೇ ಆರಂಭವಾಗಿತ್ತು. ಅದನ್ನು ರೂಪಿಸಿದ್ದು ಕೂಡ ಇದೇ ಸಂಸ್ಥೆಯ ವಿದ್ವಾಂಸರ ಪರಿಶ್ರಮದಿಂದಲೇ. ಆದುದರಿಂದ ಆ ಹಿರಿಯರನ್ನು ಇಂದಿನ ಆಸನದಲ್ಲಿ ಕುಳಿತು ನಿಂದಿಸುವುದು ಸುಲಭವಾದರೂ ಉಚಿತವಲ್ಲ. ಕೊರತೆಯ ಕಾಲದಲ್ಲಿ ಕೋಟ್ಯಂತರ ಜನರಿಗಾಗಿ ಲೆಕ್ಕ ಹಾಕುತ್ತಿದ್ದವರು ಅವರು.

ಅದೇ ಸಂಸ್ಥೆಯವರು ಹಳ್ಳಿಯವರ ಮಾತಿಗೆ ಕಿವಿಗೊಟ್ಟದ್ದನ್ನೂ ಇಲ್ಲಿ ಹೇಳಬೇಕು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬುವರು ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರನ್ನು ಕಂಡು ಮಾತನಾಡಿಸಿ, ತಮಗೆ ತಿಳಿದದ್ದನ್ನು ೧೯೬೩ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಕರೆದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಪಟ್ಟಣದವರ ಸಾಮಾನ್ಯ ಅಭಿಪ್ರಾಯ. ಆದರೆ ರೋಗಿಗಳಲ್ಲಿ ಬಹುಪಾಲು ಜನ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂದು ಬಲ್ಲವರೇ ಆಗಿದ್ದರು; ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಕೆಮ್ಮಿನ ನೀರೌಷಧ. ತಪ್ಪು ರೋಗಿಯದಲ್ಲ, ವ್ಯವಸ್ಥೆಯದು ಎಂದು ಈ ಅಧ್ಯಯನ ತೋರಿಸಿಕೊಟ್ಟಿತು. ಹಳ್ಳಿಯವನನ್ನು ಬರಿಯ ಲೆಕ್ಕದ ಅಂಕಿಯನ್ನಾಗಿ ಕಾಣದೆ ಬುದ್ಧಿಯುಳ್ಳ ಮನುಷ್ಯನೆಂದು ಕಂಡಾಗಲೇ ಸಂಶೋಧನೆಗೆ ಈ ಸತ್ಯ ದೊರಕಿತು.

ಇಷ್ಟನ್ನು ಒಪ್ಪಿದ ಮೇಲೂ ಮೊದಲಿನ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಸಂಶೋಧಕನಿಗೆ ರೋಗಿಯ ಗುಟ್ಟು ತಿಳಿದ ಕ್ಷಣದಿಂದ ಅವನು ಬರಿಯ ಪ್ರೇಕ್ಷಕನಾಗಿ ಉಳಿಯಲಾರನೆಂಬುದು ನನ್ನ ಅಭಿಪ್ರಾಯ. ಸಂತೋಷದ ಸಂಗತಿಯೆಂದರೆ ಇಂದು ಲೋಕದ ಅಭಿಪ್ರಾಯವೂ ಅದೇ ಆಗಿದೆ. ರೋಗಿಯನ್ನು ಗುರುತಿಸಿ, ಮದ್ದಿನ ಏರ್ಪಾಡಿಲ್ಲದೆ ಐದು ವರ್ಷ ನೋಡುತ್ತ ಹೋಗುವ ಯೋಜನೆಗೆ ಇಂದು ಅನುಮತಿ ಸಿಗಲಾರದು. ೨೦೧೨ರಿಂದ ಕ್ಷಯರೋಗಿ ಕಂಡುಬಂದರೆ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳನ್ನು ಚಿಕಿತ್ಸೆಗೆ ಒಪ್ಪಿಸುವ ಏರ್ಪಾಡು ಯೋಜನೆಯಲ್ಲಿಯೇ ಇತ್ತು. ಈ ಬದಲಾವಣೆ ತಾನಾಗಿ ಬಂದದ್ದಲ್ಲ. ಅದರ ಇತಿಹಾಸವನ್ನು ಸಂಗ್ರಹವಾಗಿ ನೋಡೋಣ.

೩. ನಿಯಮಗಳು ಹುಟ್ಟಿದ ಬಗೆ

ಎರಡನೆಯ ಮಹಾಯುದ್ಧದಲ್ಲಿ ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ಘೋರ ಪ್ರಯೋಗಗಳನ್ನು ಮಾಡಿದರು. ಅವರ ವಿಚಾರಣೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಡೆದು, ೧೯೪೭ರ ತೀರ್ಪಿನಲ್ಲಿ ಹತ್ತು ಸೂತ್ರಗಳು ಹೇಳಲ್ಪಟ್ಟುವು. ಮೊದಲನೆಯದು, ಮನುಷ್ಯನ ಸ್ವಂತ ಇಚ್ಛೆಯ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗ ಕೂಡದು ಎಂಬುದು. ೧೯೬೪ರಲ್ಲಿ ಜಗತ್ತಿನ ವೈದ್ಯರ ಸಂಘವು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸೇರಿ ತನ್ನ ಘೋಷಣೆಯನ್ನು ಹೊರಡಿಸಿತು. ಅದು ಹಲವು ಬಾರಿ ತಿದ್ದುಪಡಿಯಾಗಿ ೨೦೨೪ರಲ್ಲಿಯೂ ಪರಿಷ್ಕೃತವಾಯಿತು. ಪ್ರಯೋಗಕ್ಕೆ ಒಳಗಾಗುವವರನ್ನು ಪ್ರಯೋಗದ ವಸ್ತುವಿನಂತೆ ಕರೆಯುತ್ತಿದ್ದ ಹಳೆಯ ಶಬ್ದವನ್ನು ಆಗ ಬಿಟ್ಟು, ‘ಪಾಲ್ಗೊಳ್ಳುವವರು’ ಎಂಬರ್ಥದ ಶಬ್ದವನ್ನು ಇಟ್ಟರು.

ನಿಯಮ ಬರೆದ ಮಾತ್ರಕ್ಕೆ ಅನ್ಯಾಯ ನಿಲ್ಲುವುದಿಲ್ಲವೆಂಬುದಕ್ಕೆ ಅಮೆರಿಕದ ಟಸ್ಕೀಗಿಯೇ ಸಾಕ್ಷಿ. ಅಲ್ಲಿ ೧೯೩೨ರಿಂದ ೧೯೭೨ರವರೆಗೆ, ಸಿಫಿಲಿಸ್ ಎಂಬ ಗುಹ್ಯರೋಗವಿದ್ದ ೩೯೯ ಮಂದಿ ಕರಿಯ ಬಡ ರೈತರನ್ನು ಸರ್ಕಾರದ ವೈದ್ಯರೇ ಬರಿದೆ ನೋಡುತ್ತ ಬಂದರು. ಪೆನ್ಸಿಲಿನ್ನಿಂದ ರೋಗ ವಾಸಿಯಾಗುವುದೆಂದು ತಿಳಿದ ಮೇಲೂ ಕೊಡಲಿಲ್ಲ. ರೋಗದ ನಿಜವನ್ನೂ ಅವರಿಗೆ ಹೇಳಲಿಲ್ಲ. ಪತ್ರಿಕೆಗಳು ಇದನ್ನು ಬಯಲಿಗೆಳೆದ ಬಳಿಕ ಆ ದೇಶವು ೧೯೭೯ರಲ್ಲಿ ಬೆಲ್ಮಾಂಟ್ ವರದಿಯನ್ನು ಪ್ರಕಟಿಸಿತು. ನಮ್ಮ ಸೀಮೆಯ ಅಧ್ಯಯನವನ್ನೂ ಟಸ್ಕೀಗಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಲ್ಲಿಯದು ವಂಚನೆ, ಇಲ್ಲಿಯದು ಕೊರತೆ. ಆದರೆ ಸತ್ತವನ ಮನೆಯವರ ಪಾಲಿಗೆ ಈ ಎರಡಕ್ಕೂ ಎಷ್ಟು ಅಂತರವಿದ್ದೀತೆಂಬುದನ್ನು ನಾವು ಯೋಚಿಸಬೇಕು.

ನಮ್ಮ ದೇಶದಲ್ಲಿ ಐ.ಸಿ.ಎಂ.ಆರ್. ಎಂದು ಹೆಸರಾದ ವೈದ್ಯಕೀಯ ಸಂಶೋಧನಾ ಮಂಡಳಿಯು ೧೯೮೦ರಲ್ಲಿ ಮೊದಲ ನೀತಿಪತ್ರವನ್ನು ಹೊರಡಿಸಿತು. ಆಮೇಲೆ ೨೦೦೦, ೨೦೦೬ ಮತ್ತು ೨೦೧೭ರಲ್ಲಿ ವಿಸ್ತಾರವಾದ ಮಾರ್ಗಸೂಚಿಗಳು ಬಂದುವು. ೨೦೧೭ರದು ನಾಲ್ಕು ಮೂಲತತ್ತ್ವಗಳ ಮೇಲೆ ನಿಂತಿದೆ. ಮನುಷ್ಯನಿಗೆ ಗೌರವ, ಅವನಿಗೆ ಹಿತ, ಅವನಿಗೆ ಕೇಡು ಮಾಡದಿರುವುದು, ಮತ್ತು ನ್ಯಾಯ. ನ್ಯಾಯವೆಂದರೆ ಕಷ್ಟವನ್ನು ಬಡವರ ಮೇಲೂ ಫಲವನ್ನು ಸಿರಿವಂತರ ಮನೆಗೂ ಹಂಚದಿರುವುದು. ಹೊಸ ಔಷಧಗಳ ಪ್ರಯೋಗಕ್ಕೆ ಮಾರ್ಗಸೂಚಿಯಲ್ಲದೆ ಕಾನೂನಿನ ಬಲವುಳ್ಳ ನಿಯಮಗಳೂ ೨೦೧೯ರಲ್ಲಿ ಜಾರಿಗೆ ಬಂದುವು.

೪. ನೀತಿಯೂ ಆಡಳಿತವೂ

ಹೊಸಬರು ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಯಾವುದು ಸರಿ ಎಂದು ಹೇಳುವುದು ನೀತಿ. ಅದು ನಡೆಯುತ್ತಿದೆಯೇ ಎಂದು ನೋಡುವ, ನಡೆಯದಿದ್ದರೆ ಯಾರು ಉತ್ತರ ಹೇಳಬೇಕೆಂದು ಗೊತ್ತುಮಾಡುವ ಏರ್ಪಾಡು ಸಂಶೋಧನೆಯ ಆಡಳಿತ. ನೀತಿಯಿಲ್ಲದ ಆಡಳಿತ ಬರಿಯ ಕಾಗದವಾದೀತು. ಆಡಳಿತವಿಲ್ಲದ ನೀತಿ ಬರಿಯ ಉಪದೇಶವಾದೀತು.

ಈ ಏರ್ಪಾಡಿನ ಹೃದಯವೇ ನೀತಿ ಸಮಿತಿ, ಎಂದರೆ ಎಥಿಕ್ಸ್ ಕಮಿಟಿ. ಮನುಷ್ಯರ ಮೇಲೆ ನಡೆಯುವ ಸಂಶೋಧನೆಯ ಯೋಜನೆ ಮೊದಲು ಈ ಸಮಿತಿಯ ಮುಂದೆ ಬರಬೇಕು. ಅದು ಒಪ್ಪಿದ ಮೇಲೆಯೇ ಮೊದಲ ಮನೆಯ ಬಾಗಿಲು ತಟ್ಟಬಹುದು. ೨೦೧೯ರ ನಿಯಮಗಳ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟು ಮಂದಿಯಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು; ಅಧ್ಯಕ್ಷರೂ ಹೊರಗಿನವರೇ. ವೈದ್ಯರ ಜೊತೆಗೆ ಕಾನೂನು ಬಲ್ಲವರೊಬ್ಬರು, ಮಹಿಳೆಯೊಬ್ಬರು, ಸಾಮಾನ್ಯ ಪ್ರಜೆಯೊಬ್ಬರು, ಸಮಾಜವಿಜ್ಞಾನಿ ಅಥವಾ ತತ್ತ್ವಶಾಸ್ತ್ರಜ್ಞರಂಥವರೊಬ್ಬರು ಅಲ್ಲಿರಬೇಕು. ಆರೋಗ್ಯ ಸಂಶೋಧನೆ ವೈದ್ಯರ ಖಾಸಗಿ ವ್ಯವಹಾರವಲ್ಲವೆಂದು ಕಾನೂನೇ ಒಪ್ಪಿಕೊಂಡಿದೆ. ಕಲಾ ವಿಭಾಗದವರಾದ ನಮಗೂ ಅಲ್ಲಿ ಒಂದು ಪೀಠವಿದೆಯೆಂಬುದು ಅಭಿಮಾನದ ಸಂಗತಿ.

ಎರಡನೆಯದು ನೋಂದಣಿ. ಔಷಧಪ್ರಯೋಗಗಳನ್ನು ಬರೆದಿಡುವ ಸಾರ್ವಜನಿಕ ದಾಖಲೆಯೊಂದು ೨೦೦೭ರಲ್ಲಿ ನಮ್ಮಲ್ಲಿ ಆರಂಭವಾಯಿತು; ೨೦೦೯ರ ಜೂನ್‌ನಿಂದ ಅದರಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. ಪ್ರಯೋಗ ಫಲಿಸದಿದ್ದರೆ ಬಚ್ಚಿಟ್ಟು, ಫಲಿಸಿದರೆ ಮಾತ್ರ ಡಂಗುರ ಹೊಡೆಯುವ ಚಟಕ್ಕೆ ಇದು ತಡೆ. ಮೂರನೆಯದು ಪರಿಹಾರ. ಔಷಧಪ್ರಯೋಗದ ಕಾರಣದಿಂದಲೇ ಪಾಲ್ಗೊಂಡವರಿಗೆ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡುವ ಹೊಣೆ ಪ್ರಯೋಗ ನಡೆಸುವವರದು.

ನಿಯಮವನ್ನು ಪಾಲಿಸಿದರೆ ವಿಜ್ಞಾನ ಕುಂಟುತ್ತದೆಯೆಂದು ಕೆಲವರು ಆಕ್ಷೇಪಿಸುತ್ತಾರೆ. ಇದು ಸರಿಯಲ್ಲ. ಮದ್ರಾಸಿನಲ್ಲಿ ೧೯೫೬ರಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಕೇಂದ್ರವು, ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಮನೆಯಲ್ಲಿಯೂ ಇರಿಸಿ, ಇಬ್ಬರಿಗೂ ಒಂದೇ ಔಷಧವನ್ನು ಕೊಟ್ಟು ನೋಡಿತು. ಮನೆಯಲ್ಲಿದ್ದವರೂ ಆರೋಗ್ಯಧಾಮದವರಂತೆಯೇ ಗುಣವಾಗುತ್ತಾರೆಂದು ೧೯೫೯ರಲ್ಲಿ ತಿಳಿಸಿತು. ಲೋಕದ ಚಿಕಿತ್ಸಾಕ್ರಮವೇ ಬದಲಾಯಿತು. ಅಲ್ಲಿ ಯಾರಿಗೂ ಮದ್ದು ತಪ್ಪಲಿಲ್ಲ. ಇತ್ತೀಚೆಗೆ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆದ ಅಧ್ಯಯನವೂ ಇಂಥದೇ. ಕ್ಷಯರೋಗಿಯ ಮನೆಯವರಿಗೆ ಒಳ್ಳೆಯ ಆಹಾರ ಕೊಟ್ಟರೆ ಅವರಿಗೆ ರೋಗ ತಗಲುವುದು ಕಡಿಮೆಯಾಗುವುದೇ ಎಂಬುದು ಪ್ರಶ್ನೆ. ಎರಡು ಗುಂಪಿನ ರೋಗಿಗಳಿಗೂ ಆಹಾರ ಸಂದಿತು. ಅಂತರವಿದ್ದದ್ದು ಮನೆಯ ಇತರರಿಗೆ ಕೊಡುವ ಆಹಾರದಲ್ಲಿ ಮಾತ್ರ. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಹಾರ ಪಡೆದ ಮನೆಗಳವರಲ್ಲಿ ಕ್ಷಯವು ನೂರಕ್ಕೆ ೩೯ರಷ್ಟು ಕಡಿಮೆಯಾಯಿತು. ರೋಗಿಯ ಹಿತವನ್ನು ಬಿಟ್ಟುಕೊಡದೆಯೇ ಹೊಸ ಜ್ಞಾನವನ್ನು ಪಡೆಯಬಹುದೆಂಬುದಕ್ಕೆ ಇವೆರಡು ಸಾಕು.

೫. ಹೆಬ್ಬೆಟ್ಟು ಒಪ್ಪಿಗೆಯಲ್ಲ

ಹಳ್ಳಿಗೆ ಹೋಗುವ ಹೊಸ ಕೆಲಸಗಾರರ ಕೈಯಲ್ಲಿ ಇವೆಲ್ಲವೂ ಕೊನೆಗೆ ಒಂದು ಕಾಗದವಾಗಿ ಇಳಿಯುತ್ತವೆ. ಅದೇ ಒಪ್ಪಿಗೆ ಪತ್ರ. ಸಂಶೋಧನೆ ಏತಕ್ಕೆ, ಏನೇನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ತೊಂದರೆಯೇನು, ಲಾಭವಿದೆಯೇ, ಗುಟ್ಟನ್ನು ಹೇಗೆ ಕಾಯುತ್ತಾರೆ, ಬೇಡವೆನಿಸಿದರೆ ಬಿಡಬಹುದೇ ಎಂಬುದೆಲ್ಲ ಅದರಲ್ಲಿ ಜನರ ಭಾಷೆಯಲ್ಲಿ ಇರಬೇಕು. ಓದುಬರಹ ಬಾರದವರಿಗೆ ಅದನ್ನು ಓದಿ ಹೇಳಬೇಕು. ಅಕ್ಷರ ಬಲ್ಲ, ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಜೊತೆಗಿದ್ದು ಸಹಿ ಮಾಡಬೇಕು. ಪತ್ರದ ಒಂದು ಪ್ರತಿ ಅವರ ಮನೆಯಲ್ಲಿ ಉಳಿಯಬೇಕು. ಮಕ್ಕಳಾದರೆ ತಂದೆತಾಯಿಗಳ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಪಂಚಾಯತಿಯ ಅಧ್ಯಕ್ಷರು ಸರಿಯೆಂದರೆ ಊರೊಳಗೆ ಹೋಗಬಹುದು. ಆದರೆ ಊರಿನ ಅನುಮತಿ ಒಬ್ಬೊಬ್ಬರ ಒಪ್ಪಿಗೆಯ ಸ್ಥಾನದಲ್ಲಿ ನಿಲ್ಲದು.

ಇದನ್ನು ಮರೆತರೆ ಏನಾಗುತ್ತದೆಂದು ೨೦೦೯-೧೦ರ ಒಂದು ಪ್ರಕರಣ ತೋರಿಸುತ್ತದೆ. ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ, ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ಹಾಕಿ ನೋಡುವ ಯೋಜನೆ ನಡೆಯಿತು. ಖಮ್ಮಂನಲ್ಲಿ ಅನೇಕ ಹುಡುಗಿಯರು ಹಾಸ್ಟೆಲಿನವರು. ಅವರ ತಂದೆತಾಯಿಗಳ ಬದಲು ಹಾಸ್ಟೆಲಿನ ಮೇಲ್ವಿಚಾರಕರೇ ಒಪ್ಪಿಗೆಗೆ ಸಹಿ ಹಾಕಿದ್ದು ಬೆಳಕಿಗೆ ಬಂತು. ಯೋಜನೆಯನ್ನು ೨೦೧೦ರಲ್ಲಿ ನಿಲ್ಲಿಸಲಾಯಿತು. ಸಂಸತ್ತಿನ ಸಮಿತಿಯು ೨೦೧೩ರಲ್ಲಿ ಕಟುವಾಗಿ ಟೀಕಿಸಿತು. ಲಸಿಕೆಯಿಂದ ಸಾವು ಸಂಭವಿಸಿತೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ. ಲಸಿಕೆ ಉಪಯುಕ್ತವೆಂಬುದೂ ನಿಜ. ಆದರೆ ಒಳ್ಳೆಯ ಲಸಿಕೆಯ ಮೇಲೆಯೇ ಜನರಿಗೆ ಸಂಶಯ ಹುಟ್ಟುವಂತಾಯಿತು. ನಮ್ಮ ಕಾಲೇಜಿನಲ್ಲಿಯೂ ಹಾಸ್ಟೆಲುಗಳಿಂದ ಬಂದು ಓದುವವರು ಬಹಳ ಮಂದಿ ಇದ್ದಾರೆ. ಅವರಿಗೆ ಈ ಪ್ರಕರಣದ ತೂಕವನ್ನು ಬೇರೆ ಹೇಳಬೇಕಾಗಿಲ್ಲ.

ಭಾಷೆಯ ತೊಡಕನ್ನೂ ಇಲ್ಲಿ ಹೇಳಬೇಕು. ಒಪ್ಪಿಗೆ ಪತ್ರಗಳ ಕನ್ನಡವು ಎಷ್ಟೋ ವೇಳೆ ಪಂಡಿತರಿಗೂ ಕಷ್ಟವೆನ್ನುವಂತಿರುತ್ತದೆ. ‘ಯಾದೃಚ್ಛಿಕ ಹಂಚಿಕೆ’ ಎಂದರೆ ನಮ್ಮೂರಿನವರಿಗೆ ಏನು ತಿಳಿದೀತು? ‘ಯಾರಿಗೆ ಯಾವ ಮದ್ದು ಎಂಬುದನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡುತ್ತೇವೆ’ ಎಂದರೆ ಯಾವ ಅಜ್ಜಿಗೂ ತಿಳಿಯುತ್ತದೆ. ಹೊಸಕೋಟೆ, ದೊಡ್ಡಬಳ್ಳಾಪುರಗಳ ಕಡೆ ಮನೆಯೊಳಗೆ ತ��ಲುಗನ್ನೋ ಉರ್ದುವನ್ನೋ ಆಡುವವರೂ ಇದ್ದಾರೆ. ಅವರಿಗೆ ಅವರ ಮಾತಿನಲ್ಲಿಯೇ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಚಿಕಿತ್ಸೆಯಲ್ಲ, ಸಂಶೋಧನೆ ಎಂಬುದನ್ನು ಬಿಡಿಸಿ ಹೇಳಬೇಕು. ಬಿಳಿಯ ಕೋಟು ಕಂಡೊಡನೆ ‘ಡಾಕ್ಟರು ಬಂದರು, ವಾಸಿಯಾಗುತ್ತದೆ’ ಎಂದು ನಂಬುವವರಿಗೆ ಸುಮ್ಮನಿದ್ದುಬಿಡುವುದೂ ಒಂದು ಬಗೆಯ ಸುಳ್ಳೇ.

ನಮ್ಮೂರಿಗೆ ಕೆಲವು ವರ್ಷಗಳ ಹಿಂದೆ ಒಂದು ತಂಡ ಬಂದು ಹೆಂಗಸರ ರಕ್ತವನ್ನು ಪರೀಕ್ಷೆಗೆಂದು ತೆಗೆದುಕೊಂಡು ಹೋಯಿತು. ರಕ್ತಹೀನತೆಯ ವಿಚಾರವೆಂದು ಹೇಳಿದ್ದರು. ಯಾರಿಗೆ ರಕ್ತ ಕಡಮೆ, ಯಾರಿಗೆ ಸರಿಯಿದೆ ಎಂಬ ಉತ್ತರ ಇಂದಿನವರೆಗೂ ಊರಿಗೆ ಬಂದಿಲ್ಲ. ‘ಬತ್ತಾರೆ, ಬರ್ಕೊತಾರೆ, ಓಯ್ತಾರೆ’ ಎಂದು ನಮ್ಮ ತಾಯಿ ಹೇಳುತ್ತಾರೆ. ಆ ಮೂರು ಮಾತಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ಇರುವುದು ಇದು ಹೀಗೆಯೇ ಎಂಬ ರೂಢಿ. ಆ ರೂಢಿಯೇ ನನಗೆ ಹೆಚ್ಚು ನೋವಿನದಾಗಿ ಕಾಣುತ್ತದೆ.

ಹಿಂದೆ ಸಾಹುಕಾರರ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ರೈತನು ಸಾಲಗಾರನಾಗುತ್ತಿದ್ದನು. ಆದುದರಿಂದಲೇ ನಮ್ಮ ಹಿರಿಯರಿಗೆ ಹೆಬ್ಬೆಟ್ಟೆಂದರೆ ಈಗಲೂ ಅಳುಕು. ಸಂಶೋಧನೆಯ ಪತ್ರದಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ. ಅಲ್ಲಿ ಹೆಬ್ಬೆಟ್ಟು ಒತ್ತಿದವರು ಸಾಲ ಕೊಟ್ಟವರು, ಒತ್ತಿಸಿಕೊಂಡವರು ಸಾಲಗಾರರು. ತಿಳಿದದ್ದನ್ನು ಮರಳಿ ಹೇಳುವುದು, ರೋಗ ಕಂಡರೆ ದಾರಿ ತೋರುವುದು, ಗುಟ್ಟನ್ನು ಕಾಯುವುದು, ಇವು ಆ ಸಾಲದ ಕಂತುಗಳು. ಒಪ್ಪಿಗೆ ಪಡೆದಲ್ಲಿಗೆ ಸಂಶೋಧಕರ ಕರ್ತವ್ಯ ಮುಗಿಯದು; ಅಲ್ಲಿಂದ ಅದು ಆರಂಭವಾಗುತ್ತದೆ.

೬. ಹೊಸಬರು ನೆನಪಿಡತಕ್ಕವು

ಮೊದಲನೆಯದಾಗಿ, ಕೂಲಿ ಬಿಟ್ಟು ಕುಳಿತವರಿಗೆ ಆ ಹೊತ್ತಿನ ನಷ್ಟವನ್ನು ತುಂಬಿಕೊಡುವುದು ನ್ಯಾಯ. ಆದರೆ ಹಣದ ಆಸೆಯಿಂದಲೇ ಅಪಾಯಕ್ಕೆ ಒಪ್ಪುವಷ್ಟು ಕೊಡುವುದು ಆಮಿಷ. ಎರಡನೆಯದಾಗಿ, ಹಳ್ಳಿಯಲ್ಲಿ ಗೋಡೆಗೂ ಕಿವಿಯಿದೆ. ಕ್ಷಯವೋ ಮತ್ತೊಂದೋ ಇದೆಯೆಂಬ ಸುದ್ದಿ ಹಬ್ಬಿದರೆ ಮಗಳ ಮದುವೆಯೇ ನಿಂತುಹೋಗಬಹುದು. ಆದುದರಿಂದ ಜಗಲಿಯ ಮೇಲೆ ಹತ್ತು ಜನರ ನಡುವೆ ಕೇಳತಕ್ಕ ಪ್ರಶ್ನೆ ಯಾವುದು, ಒಳಗೆ ಒಬ್ಬರನ್ನೇ ಕೇಳತಕ್ಕದ್ದು ಯಾವುದು ಎಂಬ ವಿವೇಕ ಬೇಕು. ಹೆಸರಿನ ಪಟ್ಟಿಯನ್ನು ಉತ್ತರಗಳಿಂದ ಬೇರೆಯಾಗಿ ಬೀಗದಲ್ಲಿಡಬೇಕು. ಮೂರನೆಯದಾಗಿ, ಬಿಸಿಲಿಗೆ ಅಂಜಿ ಮರದ ನೆರಳಿನಲ್ಲಿ ಕುಳಿತು ಹೋಗದ ಮನೆಯ ನಮೂನೆಯನ್ನು ತುಂಬುವುದು ಸಣ್ಣ ಸೋಮಾರಿತನವಲ್ಲ. ಆ ಸುಳ್ಳು ಅಂಕಿಯನ್ನು ನಂಬಿ ನಾಳೆ ಔಷಧವನ್ನು ಬೇರೆ ಊರಿಗೆ ಕಳುಹಿಸಿಯಾರು. ನಾಲ್ಕನೆಯದಾಗಿ, ‘ಬೇಡ’ ಎಂದವರ ಮೇಲೆ ಮುನಿಯಬಾರದು. ಬೇಡವೆನ್ನುವ ಅಧಿಕಾರವಿಲ್ಲದ ಕಡೆ ಹೂಂಗುಟ್ಟಿದ್ದಕ್ಕೆ ಬೆಲೆಯಿಲ್ಲ.

ಕೊನೆಯದಾಗಿ ನಮ್ಮ ಕಾಲೇಜಿನ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ವಿನಂತಿ. ಕ್ಷೇತ್ರಕಾರ್ಯವೆಂದು ನಾವು ಹಳ್ಳಿಗಳಿಗೆ ಪ್ರಶ್ನಾವಳಿ ಹಿಡಿದು ಹೋಗುವುದುಂಟು. ಮನೆಯ ಆದಾಯ, ಕಾಯಿಲೆ, ಹೆರಿಗೆ, ಕುಡಿತ ಎಲ್ಲವನ್ನೂ ಕೇಳುವುದುಂಟು. ದೊಡ್ಡ ಸಂಸ್ಥೆಗಳಲ್ಲಿರುವಂಥ ಸಮಿತಿ ನಮಗೆ ಬೇಕಾಗಿಲ್ಲ. ಇಬ್ಬರು ಅಧ್ಯಾಪಕರು, ಹೊರಗಿನ ಒಬ್ಬ ದಾದಿ ಅಥವಾ ಆಶಾ ಕಾರ್ಯಕರ್ತೆ, ಯಾವುದಾದರೂ ಹಳ್ಳಿಯ ಒಬ್ಬ ಹಿರಿಯರು ಕುಳಿತು ನಮ್ಮ ಪ್ರಶ್ನೆಗಳನ್ನು ಮೊದಲು ನೋಡಲಿ. ಒಪ್ಪಿಗೆಯ ಮಾತನ್ನು ಆಡುಗನ್ನಡದಲ್ಲಿ ಬರೆದು ಓದಿ ಹೇಳುವ ಪದ್ಧತಿ ಬರಲಿ. ವರ್ಷದ ಕೊನೆಯಲ್ಲಿ ನಾವು ಕಂಡದ್ದನ್ನು ಆಯಾ ಊರಿನ ಗ್ರಾಮಸಭೆಯಲ್ಲಿ ನಾವೇ ನಿಂತು ಹೇಳೋಣ. ಇದಕ್ಕೆ ಹಣ ಬೇಡ, ಸಂಕಲ್ಪ ಮಾತ್ರ ಬೇಕು. ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಇರುವವರು ಇದನ್ನು ನಡೆಸಿಕೊಡುವರೆಂದು ನಂಬಿ ಈ ಲೇಖನವನ್ನು ಮುಗಿಸುತ್ತೇನೆ.